ಶಾಂತಮ್ಮನ ಹೊಸ ದವಡೆ

ಆನೆಕೊಂಡದ ಶಾಂತಮ್ಮ ಮಗ ಬಸಣ್ಣನ ಜೊತೆ ಸಿಟ್ಟಿನಿಂದಲೇ ನನ್ನ ದಂತ ಚಿಕಿತ್ಸಾಲಯಕ್ಕೆ ಬಂದರು. ಅವರ ದವಡೆಗೆ ನಾಲ್ಕು ಸ್ಕ್ರೂ ಕೂರಿಸಿ, ಹಗುರವಾದ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಹಲ್ಲು ಕಟ್ಟಿದ್ದೆ. ಈಗ ಹಿಂಬದಿಯ ಒಂದು ಸ್ಕ್ರೂ ಸಡಿಲಾಗಿತ್ತು.

"ಏನ್ ತಿಂದ್ರಿ ಅಮ್ಮ?"

"ಮೆತ್ತನೆ ಅನ್ನ."

"ಡಬ್ಬಿ ತುಂಬ ಚಕ್ಕುಲಿ, ಡಾಕ್ಟ್ರೆ," ಎಂದ ಬಸಣ್ಣ.

"ಪ್ಲಾಸ್ಟಿಕ್ ಬಗ್ಗುತ್ತೆ, ಅಗಿಯೋ ಭಾರ ಹತ್ತಿರದ ಸ್ಕ್ರೂ ಮೇಲೇ ಬೀಳುತ್ತೆ. ಲೋಹ ಬಗ್ಗಲ್ಲ, ನಾಲ್ಕಕ್ಕೂ ಹಂಚುತ್ತೆ," ಎಂದೆ.

"ಮೊದ್ಲೇ ಹೇಳಾಕ ಏನಾಗಿತ್ತು?" ಎಂದರು ಶಾಂತಮ್ಮ.

"ಹೇಳಿದ್ನಲ್ಲ, ನೀವೇ ಭಾರದ್ದು ಬ್ಯಾಡ ಅಂದ್ರಿ."

ಸ್ಕ್ರೂ ಬಿಗಿ ಮಾಡಿ ಲೋಹದ ಚೌಕಟ್ಟು ಕೂರಿಸಿದ ದಿನ ಶಾಂತಮ್ಮ ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಕಟಕ್ಕನೆ ಕಡಿದರು. ನಾನು ಉಸಿರು ಬಿಗಿಹಿಡಿದೆ. ಏನೂ ಅಲುಗಲಿಲ್ಲ.

"ತಗೋರಿ," ಎಂದು ನನಗೂ ಕೊಟ್ಟರು.

ಬ್ಯಾಡ ಎಂದೆ. ನನ್ನದೇ ಹಲ್ಲೊಂದು ತಿಂಗಳಿಂದ ನೋಯುತ್ತಿತ್ತು. ಹಲ್ಲಿನ ಡಾಕ್ಟರೆಂದರೆ ನನಗೆ ಮೊದಲಿನಿಂದಲೂ ಭಯ.