ಮನೆಯವರಿಗೆ ಒಂದು ಸೆಟ್ಟು

ಫಿಟ್ಟರ್ ಮಾತಿನ ಮನುಷ್ಯನಲ್ಲ. ಸೋಪಿನ ಕಾರ್ಖಾನೆಯ ಒಂದೇ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷ, ಸೋಪು ಕತ್ತರಿಸುವ ಯಂತ್ರ, ಸೋಪಿಗೆ ಕಾಗದ ಸುತ್ತುವ ಯಂತ್ರ, ಇವುಗಳ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡೇ ಕಳೆದವನು. ಶೆಡ್ಡಿನ ಆ ತುದಿಯಲ್ಲಿ ಯಂತ್ರ ಸ್ವಲ್ಪ ಕೆಮ್ಮಿದರೂ ಅವನಿಗೆ ಕೇಳಿಸುತ್ತಿತ್ತು. ಮನೆಯಲ್ಲಿ ಹೆಂಡತಿ ಎರಡು ಸಲ ಕರೆದರೂ ಕೇಳಿಸುತ್ತಿರಲಿಲ್ಲ. ಇದನ್ನು ಅವಳು ಮೊದಮೊದಲು ನಗುತ್ತ ಹೇಳುತ್ತಿದ್ದಳು, ಆಮೇಲೆ ರೇಗುತ್ತ ಹೇಳಿದಳು. ಕೆಲವು ವರ್ಷಗಳಿಂದ ಹೇಳುವುದನ್ನೇ ಬಿಟ್ಟಿದ್ದಳು.

ಬೇರೆಯಾಗುವ ಮಾತು ಬಂದದ್ದು ಒಗೆದ ಬಟ್ಟೆ ಮಡಚುವಾಗ.

"ನಾವಿಬ್ರೂ ಬೇರೆಬೇರೆ ಇರೋದೇ ಒಳ್ಳೇದು ಅನ್ಸುತ್ತೆ ರೀ," ಎಂದಳು. ಕೈಯಲ್ಲಿ ಅವನದೇ ಅಂಗಿ ಇತ್ತು.

"ಹೂಂ," ಎಂದ ಫಿಟ್ಟರ್.

ಹತ್ತೊಂಬತ್ತು ವರ್ಷದ ಸಂಸಾರಕ್ಕೆ ಅಷ್ಟು ಸಾಕಾಯಿತು. ಬೇರೆ ಮನೆಗಳಲ್ಲಾದರೆ ಇಷ್ಟು ಹೊತ್ತಿಗೆ ಪಾತ್ರೆಗಳು ಹಾರಾಡುತ್ತಿದ್ದವು, ಅಕ್ಕಪಕ್ಕದವರು ಕಿಟಕಿಗೆ ಕಿವಿ ಹಚ್ಚುತ್ತಿದ್ದರು. ಇವರ ಮನೆಯಲ್ಲಿ ಅಂಗಿ ಮಡಚಿಯಾಯಿತು, ಬೀರುವಿಗೂ ಸೇರಿತು. ಅವನಿಗೆ ಏನೂ ಅನ್ನಿಸಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ, ಅಲ್ಲೇನೋ ಇದೆ ಎಂದು ಗೊತ್ತಾಗುತ್ತಿತ್ತು, ನೋಯುತ್ತಿರಲಿಲ್ಲ.

ಮಕ್ಕಳಿರಲಿಲ್ಲ. ಮನೆ ಬಾಡಿಗೆಯದು. ಹಂಚಿಕೊಳ್ಳಲು ಇದ್ದದ್ದು ಒಂದು ಹಳೇ ನೀಲಿ ಕಾರು. ಅದು ಅವಳಿಗೇ ಬೇಕಾದದ್ದು. ಒಂದು ಲ್ಯಾಬಿನ ಪರವಾಗಿ ಬೆಳಗಾಗುತ್ತಲೇ ಮನೆಮನೆಗೆ ಹೋಗಿ, ಹಾಸಿಗೆ ಬಿಟ್ಟೇಳಲಾಗದವರ ರಕ್ತ ತೆಗೆದು ತರುವುದು ಅವಳ ಕೆಲಸ. ಕಾರು ನಿಂತರೆ ಕೆಲಸ ನಿಂತಂತೆ.

"ಕಾರು ನೀನೇ ಇಟ್ಕೋ," ಎಂದ.

"ಕೆಟ್ರೆ?"

"ಫೋನ್ ಮಾಡು. ಬಂದು ನೋಡ್ತೀನಿ."

"ಬೇಡ," ಎಂದಳು ಅವಳು. ದನಿಯಲ್ಲಿ ಕಹಿ ಏನಿರಲಿಲ್ಲ. "ನಟ್ಟು ಸಡಿಲ ಆದಾಗೆಲ್ಲ ನಿಮ್ಮನ್ನ ಕರೀತಿದ್ರೆ ಬೇರೆ ಆಗಿ ಏನು ಬಂತು? ನನಗೆ ಏನೇನು ಸಾಮಾನು ಬೇಕೋ ಕೊಡ್ಸಿ. ಹೇಗೆ ಅಂತ ಒಂದ್ಸಲ ತೋರ್ಸಿ. ಆಮೇಲೆ ನಾನೇ ನೋಡ್ಕೋತೀನಿ."

ಅವನ ಸ್ಪ್ಯಾನರುಗಳನ್ನೇ ಬಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅವು ಬೇರೆಯವರ ಕೈಗೆ ಬಗ್ಗುವಂಥವಲ್ಲ. ಒಂದನ್ನು ಉಜ್ಜಿ ತೆಳ್ಳಗೆ ಮಾಡಿದ್ದ, ಇನ್ನೊಂದನ್ನು ಕಾಯಿಸಿ ಕುತ್ತಿಗೆ ತಿರುಚಿದ್ದ, ಮತ್ತೊಂದಕ್ಕೆ ಕೊಳವೆಯ ತುಂಡು ಬೆಸೆದಿದ್ದ. ಹೀಗಾಗಿ ಮರುದಿನ ಪಾಳಿ ಮುಗಿಸಿ ಹಾರ್ಡ್‌ವೇರ್ ಅಂಗಡಿಗಳ ಬೀದಿಗೆ ಹೋದ.

ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ಕೂತಿದ್ದ. ಅವನ ಹಿಂದೆ ಸೂರಿನವರೆಗೂ ಸಣ್ಣಸಣ್ಣ ಖಾನೆಗಳು, ಒಂದೊಂದಕ್ಕೂ ತಂತಿಯಲ್ಲಿ ಕಟ್ಟಿದ ಒಂದೊಂದು ಮೊಳೆಯೋ ಬೋಲ್ಟೋ ಗುರುತಿಗೆ.

"ಕಾರಿನ ಕೆಲಸಕ್ಕೆ ಸ್ಪ್ಯಾನರು, ಸಾಕೆಟ್ಟು. ಮನೆ ಮಟ್ಟಿಗೆ."

"ನಿಮಗಾ ಸಾರ್?"

"ಅಲ್ಲ. ನಮ್ಮ ಮನೆಯವರಿಗೆ."

ಬಾಯಿ ತಪ್ಪಿ ಬಂತೆನ್ನುವಂತಿಲ್ಲ. ಬಾಯಿಗೆ ಬೇರೆ ಮಾತು ಗೊತ್ತಿದ್ದರೆ ತಾನೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಹೆಸರನ್ನು ಅವನು ಬಾಯಿಬಿಟ್ಟು ಹೇಳಿದ್ದು ಅರ್ಜಿ ತುಂಬಿಸುವಾಗ ಮಾತ್ರ. ಎದುರಿಗಿದ್ದರೆ 'ಏನೇ', 'ಇಲ್ಲಿ ನೋಡು'. ಹೊರಗೆ 'ಮನೆಯವರು'. ತಿಂಗಳ ಕೊನೆಗೆ ಮನೆ ಬಿಡುವವನು ಅವನು. ಆದರೂ ಮನೆಯವರು ಅಂದರೆ ಅವಳೇ.

"ನೀವಿದೀರಲ್ಲ ಸಾರ್, ಅವರಿಗ್ಯಾಕೆ ಈ ಕಷ್ಟ?" ಎಂದು ಅಂಗಡಿಯವನು ಹಲ್ಲು ಕಿರಿದ. ಹಾಗೆನ್ನುತ್ತಲೇ ಒಂದು ಕೆಂಪು ಪೆಟ್ಟಿಗೆ ತೆಗೆದು ಮುಂದಿಟ್ಟ. "ತಗೊಳ್ಳಿ. ನೂರೆಂಟು ಪೀಸು. ಇದೊಂದಿದ್ರೆ ಇನ್ನೇನೂ ಬೇಡ."

ನೂರೆಂಟು ಅಂದರೆ ನೂರೆಂಟೇ. ಅದರಲ್ಲಿ ಅರ್ಧ, ಮಂಚದ ಕೆಳಗೆ ಉರುಳಿಹೋದರೆ ಮತ್ತೆ ಸಿಗದಷ್ಟು ಪುಟ್ಟ ಸ್ಕ್ರೂಡ್ರೈವರ್ ತುದಿಗಳು. ಕಾಲು ಭಾಗ ಆ ಕಾರಿನಲ್ಲಿ ಎಲ್ಲಿಯೂ ಇಲ್ಲದ ಅಳತೆಗಳು. ಹೊಳಪು ಮಾತ್ರ ಕಣ್ಣಿಗೆ ರಾಚುವಂತಿತ್ತು. ಫಿಟ್ಟರ್, ನಟ್ಟಿನ ತಲೆಗೆ ಟೋಪಿಯ ಹಾಗೆ ಕೂರುವ ಒಂದು ಸಾಕೆಟ್ ತೆಗೆದು ಬೆಳಕಿಗೆ ಹಿಡಿದು ಒಳಗೆ ಇಣುಕಿದ. ಹನ್ನೆರಡು ಮೂಲೆ. ಅಳತೆಯ ಅಂಕಿಯನ್ನು ಲೋಹದಲ್ಲಿ ಒತ್ತಿರಲಿಲ್ಲ, ಮೇಲೆ ಬಣ್ಣದಲ್ಲಿ ಬರೆದಿತ್ತು; ಹೆಬ್ಬೆರಳಿನಿಂದ ಉಜ್ಜಿದರೆ ಹದಿಮೂರರ ಮೂರು ಅಳಿಸಿಯೇ ಹೋಯಿತು.

ನಟ್ಟಿಗಿರುವುದು ಆರು ಮುಖ. ಆರು ಮೂಲೆಯ ಸಾಕೆಟ್ ಆ ಮುಖಗಳನ್ನು ಅಪ್ಪಿ ಹಿಡಿಯುತ್ತದೆ. ಹನ್ನೆರಡರದ್ದು ಹೇಗಿಟ್ಟರೂ ಸುಲಭವಾಗಿ ಕೂರುತ್ತದೆ, ಆದರೆ ಹಿಡಿತ ಮೂಲೆಗಳಲ್ಲಷ್ಟೆ. ಒಳ್ಳೆ ಉಕ್ಕಾದರೆ ಅದೂ ನಡೆದೀತು. ಇಂಥ ಅಗ್ಗದ್ದನ್ನು ತುಕ್ಕು ಹಿಡಿದ ನಟ್ಟಿಗೆ ಹಾಕಿ ಜಗ್ಗಿದರೆ ಜಾರಿ, ನಟ್ಟಿನ ಮೂಲೆಗಳನ್ನೇ ಸವರಿ, ಗುಂಡಗೆ ಮಾಡಿಬಿಡುತ್ತದೆ. ಆಮೇಲೆ ಯಾವ ಸ್ಪ್ಯಾನರಿಗೂ ಅದು ಬಗ್ಗುವುದಿಲ್ಲ. ಆಗ ಕೈಪಳಗಿದ ಫಿಟ್ಟರೇ ಬೇಕು.

ಆಗ ಫಿಟ್ಟರೇ ಬೇಕು. ಆರು ತಿಂಗಳು, ಹೆಚ್ಚೆಂದರೆ ಎಂಟು. ಚಕ್ರದ ನಟ್ಟೋ, ಬ್ಯಾಟರಿಯ ಹಿಡಿಯೋ, ಯಾವುದೋ ಒಂದು ಕೈಕೊಡುತ್ತದೆ. ಬೆಳಗಿನ ಹೊತ್ತು, ಅವಳಿಗೆ ಕೆಲಸಕ್ಕೆ ತಡವಾಗುತ್ತಿರುತ್ತದೆ. ಬೇಡ ಅಂದವಳೇ ಫೋನ್ ಮಾಡುತ್ತಾಳೆ.

ಇದನ್ನೆಲ್ಲ ಯೋಚಿಸಿದ್ದು ತಾನೇನಾ ಎಂದು ಅವನಿಗೆ ಆಶ್ಚರ್ಯವಾಯಿತು. ಏನೂ ಅನ್ನಿಸದವನಿಗೆ ಇಷ್ಟು ದೂರದ ಲೆಕ್ಕಾಚಾರ ಎಲ್ಲಿಂದ ಬಂತು? ಕೈ ಮಾತ್ರ ಪೆಟ್ಟಿಗೆಯ ಮೇಲೆಯೇ ಇತ್ತು.

"ಕಟ್ಲಾ ಸಾರ್?"

"ತಡೀರಿ," ಎಂದ. ಅವಳು ಆ ಸಾಕೆಟ್ಟಿನ ಮೇಲೆ ಮೈಭಾರ ಹಾಕಿ ಜಗ್ಗುವುದು, ಅದು ಜಾರಿ ಅವಳ ಗೆಣ್ಣು ಕಬ್ಬಿಣಕ್ಕೆ ಬಡಿಯುವುದು ಅವನ ಕಣ್ಣಿಗೆ ಕಂಡಿತ್ತು. ಮಾರನೇ ದಿನ ಅದೇ ಕೈಯಲ್ಲಿ ಅವಳು ಯಾರದೋ ನರ ಹುಡುಕಬೇಕು. "ಇದು ಒಳಗಿಡಿ. ಬಿಡಿಬಿಡಿ ತೋರ್ಸಿ."

"ಬಿಡಿ ತಗೊಂಡ್ರೆ ಜಾಸ್ತಿ ಬೀಳುತ್ತೆ."

"ಬೀಳ್ಲಿ."

ಎಂಟರಿಂದ ಹತ್ತೊಂಬತ್ತರವರೆಗೆ, ಆ ಕಾರಿಗೆ ಬೇಕಾದ ಅಳತೆಗಳನ್ನು ಮಾತ್ರ ಆರಿಸಿದ. ಒಂದು ತುದಿ ಬಳೆ, ಇನ್ನೊಂದು ತುದಿ ಬಾಯಿ ಇರುವ ಸ್ಪ್ಯಾನರು. ಸಾಕೆಟ್ಟುಗಳು ಆರು ಮೂಲೆಯವು. ಅವನ್ನು ತಿರುಗಿಸಲು ಒಂದು ರ್ಯಾಚೆಟ್ ಹಿಡಿ, ಹಲ್ಲು ಸಣ್ಣದಿರುವುದು, ಇಕ್ಕಟ್ಟಿನಲ್ಲಿ ಚೂರೇ ಆಡಿಸಿದರೂ ಹಿಡಿಯುವಂಥದು. ಚಕ್ರದ ನಟ್ಟಿಗೆ ಎರಡಡಿ ಉದ್ದದ ಸರಳು. ಉದ್ದ ಇದ್ದಷ್ಟೂ ಬಲ ಕಡಿಮೆ ಸಾಕು. ಹಿಡಿಯ ದಪ್ಪ ನೋಡುವಾಗ ಮಾತ್ರ ತಡವಾಯಿತು. ಅವನ ಕೈಯ ಮೇಲೆ ಅವಳ ಕೈ ಇಟ್ಟರೆ ಅವಳ ಬೆರಳ ತುದಿ ಅವನ ಕೊನೆಯ ಗೆಣ್ಣಿಗೆ ಬರುತ್ತದೆ ಎಂದು ಗೊತ್ತಿತ್ತು. ಯಾವಾಗ ಅಳೆದದ್ದೆಂದು ನೆನಪಾಗಲಿಲ್ಲ.

ಭಾನುವಾರ ಬೆಳಿಗ್ಗೆ ಮನೆಮುಂದಿನ ಓಣಿಯಲ್ಲಿ ಪಾಠ ನಡೆಯಿತು. ಅವಳು ಹಳೇ ಅಂಗಿ ತೊಟ್ಟು, ಕೂದಲು ಎತ್ತಿ ಕಟ್ಟಿ ಬಂದಳು. ಬ್ಯಾಟರಿ ಬಿಚ್ಚಿ ಹಾಕಿದಳು, ಗಾಳಿಯ ಫಿಲ್ಟರ್ ತೆಗೆದಳು. ಎಂಜಿನ್ನಿನ ಹಿಂದೆ ಕಣ್ಣಿಗೆ ಬೀಳದ ಒಂದು ಬೋಲ್ಟಿದೆ. ಅದನ್ನು ಕಾರ್ಖಾನೆಯ ಎಳೆಯ ಫಿಟ್ಟರುಗಳಿಗೆ ತೋರಿಸಿಕೊಡಲು ಗಂಟೆ ಹಿಡಿದೀತು. ಅವಳು ಬೆರಳ ತುದಿಯಿಂದ ತಡವಿ, ನೋಡದೆಯೇ ಸಾಕೆಟ್ ಕೂರಿಸಿದಳು. ಕಾಣದ ನರಕ್ಕೆ ಸೂಜಿ ಹಾಕುವ ಕೈ ಅದು.

ಉದ್ದ ಸರಳು ಹಾಕಿ ಕಾಲಿನಿಂದ ಒತ್ತಿದಾಗ ಚಕ್ರದ ನಟ್ಟು ಕಿರ್ ಎಂದು ಬಿಟ್ಟುಕೊಟ್ಟಿತು. ಅದು ಮಾತ್ರ ಅವಳ ಕೈಲಾಗದು ಎಂದುಕೊಂಡಿದ್ದ.

"ವಾಪಸ್ ಹಾಕುವಾಗ ಎಷ್ಟು ಬಿಗಿ ಮಾಡ್ಬೇಕು?" ಎಂದು ಕೇಳಿದಳು.

"ಬಿಗಿ ಆಯ್ತು ಅನ್ಸಿದ್ಮೇಲೆ ಇನ್ನೊಂಚೂರು. ಅಷ್ಟೇ. ಅದಕ್ಕಿಂತ ಜಾಸ್ತಿ ಮಾಡಿದ್ರೆ ಮುರಿಯುತ್ತೆ."

"ಜಾಸ್ತಿ ಆಯ್ತು ಅಂತ ಗೊತ್ತಾಗೋದು ಹೇಗೆ?"

ಅವನು ಯೋಚಿಸಿದ. "ಮುರಿದ್ಮೇಲೆ ಗೊತ್ತಾಗುತ್ತೆ."

ಅವಳು ನಗಲಿಲ್ಲ, ಅವನೂ ತಮಾಷೆಗೆ ಹೇಳಿದ್ದಲ್ಲ. ಒಂದೊಂದೇ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿ, ಅಳತೆಯ ಸಾಲಿನಲ್ಲಿ ಜೋಡಿಸಿ, ಅವಳು ಒಳಗೆ ಹೋದಳು. ಕಲಿಸುವುದು ಇನ್ನೂ ಒಂದು ಭಾನುವಾರಕ್ಕೆ ಉಳಿದೀತು ಎಂದುಕೊಂಡಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ತಿಂಗಳ ಕೊನೆಗೆ ಅವನು ಕಾರ್ಖಾನೆ ಹತ್ತಿರದ ಒಂದು ಕೋಣೆಗೆ ಹೋದ. ಒಂದು ಮಂಚ, ಒಂದು ಕುರ್ಚಿ, ಬಟ್ಟೆ ತಗುಲಿಹಾಕಲು ನಾಲ್ಕು ಮೊಳೆ. ಕೆಲಸಕ್ಕೆ ಹೋದ, ಬಂದ, ಮಲಗಿದ. ಶೆಡ್ಡಿನವರು "ಏನಣ್ಣ, ಸಪ್ಪಗಿದೀಯ?" ಎಂದರೆ "ಏನಿಲ್ಲ" ಎನ್ನುತ್ತಿದ್ದ, ಅದು ಸುಳ್ಳೂ ಆಗಿರಲಿಲ್ಲ, ಒಳಗೆ ನಿಜವಾಗಿಯೂ ಏನೂ ಇರಲಿಲ್ಲ. ಆದರೆ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಾಗಿಲ ಬಳಿ ಇಟ್ಟು ಹೋಗುವುದು ರೂಢಿಯಾಯಿತು. ಕಾರಿನ ಬ್ಯಾಟರಿಗೆ ಮೂರು ವರ್ಷ ತುಂಬಿದೆ, ಇನ್ನು ಹೆಚ್ಚು ದಿನ ಬಾರದು. ಬೆಲ್ಟು ಬೇಸಿಗೆಯಲ್ಲೇ ಕಿರುಗುಟ್ಟತೊಡಗಿತ್ತು. ಮುಂದಿನ ಬ್ರೇಕು ಸವೆದಿರಬೇಕು. ಹಾಸಿಗೆಯಲ್ಲಿ ಬಿದ್ದುಕೊಂಡು ಇವನ್ನೆಲ್ಲ ಒಂದೊಂದಾಗಿ ಎಣಿಸುತ್ತಿದ್ದ. ಅವಳು ಕರೆಯುವುದನ್ನು ತಾನು ಕಾಯುತ್ತಿದ್ದೇನೆ ಎಂದು ಅವನಿಗೆ ಹೊಳೆಯಲು ತಡವಾಯಿತು. ಹೊಳೆದ ಮೇಲೂ ಕಾಯುವುದನ್ನು ಬಿಡಲಿಲ್ಲ.

ಐದನೇ ತಿಂಗಳು, ರಜೆಯ ದಿನ ಹತ್ತು ಗಂಟೆಗೆ ಫೋನ್ ಬಂತು.

"ಬಿಡುವಾಗಿದೀರಾ?" ಅವಳೇ.

"ಹೂಂ, ಹೇಳು." ಹೇಳುತ್ತಲೇ ಮಂಚದ ಕೆಳಗಿನ ಸಾಮಾನಿನ ಚೀಲವನ್ನು ಕಾಲಿನಿಂದ ಎಳೆದುಕೊಂಡ. "ಬ್ಯಾಟರಿನಾ?"

"ಬ್ಯಾಟರಿ ಹೋದ ತಿಂಗಳೇ ಬದಲಾಯ್ಸಿದೆ."

"ಬೆಲ್ಟಾ?"

"ಅದೂ ಆಯ್ತು. ಬ್ರೇಕಿನದೂ ಹಾಕ್ದೆ, ಅರ್ಧ ದಿನ ಹಿಡೀತು. ಕಾರು ಚೆನ್ನಾಗೇ ಇದೆ." ಆ ದನಿಯಲ್ಲಿ ಒಂದು ಹುರುಪಿತ್ತು. ಎಷ್ಟೋ ವರ್ಷದಿಂದ ಅವನು ಅದನ್ನು ಕೇಳಿರಲಿಲ್ಲ. "ನಮ್ಮ ಲ್ಯಾಬಿನಲ್ಲಿ ಇನ್ನೊಬ್ಬಳಿದಾಳೆ, ಅವಳಿಗೂ ಇಂಥದೇ ಬೇಕಂತೆ. ಆ ಅಂಗಡಿ ಎಲ್ಲಿ ಬರುತ್ತೆ?"

ಅವನು ಹೇಳಿದ. ಬೀದಿಯ ಮೂಲೆ, ಬಣ್ಣದ ಅಂಗಡಿ ದಾಟಿ ಮೂರನೆಯದು, ಕನ್ನಡಕ ಹಣೆಗೇರಿಸಿದವನು. ಅವಳು ಬರೆದುಕೊಳ್ಳುತ್ತಿದ್ದಳು.

"ಸಾಕೆಟ್ಟು..." ಎಂದು ಶುರುಮಾಡಿದ.

"ಆರು ಮೂಲೆದು. ಹೇಳಿದೀನಿ ಅವಳಿಗೆ," ಎಂದಳು. ಆಮೇಲೆ, "ಥ್ಯಾಂಕ್ಸ್ ರೀ," ಎಂದು ಫೋನಿಟ್ಟಳು.

ಫಿಟ್ಟರ್ ಚೀಲದ ಪಕ್ಕ ನೆಲದ ಮೇಲೆಯೇ ಕೂತ. ಹತ್ತೊಂಬತ್ತು ವರ್ಷದಲ್ಲಿ ಅವಳು ಅವನಿಗೆ ಒಮ್ಮೆಯೂ ಥ್ಯಾಂಕ್ಸ್ ಹೇಳಿರಲಿಲ್ಲ. ನಲ್ಲಿ ರಿಪೇರಿ ಮಾಡಿದಾಗ ಹೇಳಿರಲಿಲ್ಲ, ಜ್ವರದಲ್ಲಿ ರಾತ್ರಿಯಿಡೀ ಪಕ್ಕದಲ್ಲಿ ಕೂತಾಗಲೂ ಹೇಳಿರಲಿಲ್ಲ. ಅವನೂ ಅವಳಿಗೆ ಹೇಳಿರಲಿಲ್ಲ. ಅದನ್ನೆಲ್ಲ ಹೊರಗಿನವರಿಗೆ ಹೇಳುವುದು. ಈಗ ನೋವು ಬಂತು, ಐದು ತಿಂಗಳು ತಡವಾಗಿ, ಸೂಜಿಯ ಮದ್ದು ಇಳಿದ ದವಡೆಗೆ ಬರುವ ಹಾಗೆ. ಅವನು ಬಾಯಿ ತೆರೆದು ಅವಳ ಹೆಸರು ಹಿಡಿದು ಕರೆದ. ಕೋಣೆಯಲ್ಲಿ ಯಾರೂ ಇರಲಿಲ್ಲ.