ಕಟಗೇರಿ ಕಾಕಾ ಮತ್ತು ಕೊನೆಯ ಡಬ್ಬಿ

ಯಾವ ಮೆರವಣಿಗೆ ಬಂದರೂ ಕಟಗೇರಿ ಕಾಕಾ ಅದರ ಮುಖ ನೋಡುತ್ತಿರಲಿಲ್ಲ, ಬಾಲ ನೋಡುತ್ತಿದ್ದರು. ನಾಗಪುರದ ಮಹಾಲ್ ಪೇಟೆಯ ನಮ್ಮ ಗಲ್ಲಿಯಲ್ಲಿ ಮದುವೆಯ ಬರಾತ್ ಬರಲಿ, ಗಣಪತಿ ಬರಲಿ, ಉಳಿದವರು ಕುದುರೆಯನ್ನೂ ಬ್ಯಾಂಡಿನವರನ್ನೂ ನೋಡಿ ಒಳಗೆ ಹೋದ ಮೇಲೂ ಅವರು ತಮ್ಮ ಹಳೆಯ ವಾಡೆಯ ಮನೆಯ ಬಾಗಿಲಲ್ಲಿ ನೆಟ್ಟಗೆ ನಿಂತು ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದಿರುತ್ತಿದ್ದರು. ಜನರೇಟರಿನ ಗಾಡಿ ತಳ್ಳುವ ಕೊನೆಯ ಮನುಷ್ಯ ತಿರುವು ದಾಟಿದ ಮೇಲೆಯೇ ಆ ಕೈ ಇಳಿಯುತ್ತಿತ್ತು. ಕೆಲವರು ಇದನ್ನು ಕಂಡು ತಬ್ಬಿಬ್ಬಾಗಿ ತಾವೂ ಒಂದು ಕೈ ಎತ್ತಿ ಹೋಗುತ್ತಿದ್ದರು.

ಮೂವತ್ತೆಂಟು ವರ್ಷ ಹಸಿರು ಬಾವುಟ ಹಿಡಿದು ಸ್ಟೇಶನ್ ಮಾಸ್ತರಿಕೆ ಮಾಡಿದ ಕೈ ಅದು. ಗಾಡಿ ಸ್ಟೇಶನ್ ದಾಟುವಾಗ ಮಾಸ್ತರ ನೋಡಬೇಕಾದದ್ದು ಎಂಜಿನ್ನನ್ನಲ್ಲ. ಕೊನೆಯ ಡಬ್ಬಿಯ ಬೆನ್ನಿಗೆ ಒಂದು ಗುರುತಿನ ಫಲಕ ಇರುತ್ತದೆ, ಕತ್ತಲಾದರೆ ಕೆಂಪು ದೀಪ. ಅದು ಕಣ್ಣಿಗೆ ಬಿದ್ದರೆ ಗಾಡಿ ಪೂರ್ತಿ ಬಂದಿದೆ ಎಂದರ್ಥ. ಆಗಷ್ಟೇ ಹಿಂದಿನ ಸ್ಟೇಶನ್ನಿಗೆ ಫೋನ್ ಮಾಡಿ ‘ಲೈನ್ ಖಾಲಿ ಆಯಿತು’ ಎಂದು ಹೇಳಬಹುದು. ನನ್ನ ಅಪ್ಪ ಅವರ ಸ್ಟೇಶನ್ನಿನಲ್ಲೇ ಹಳಿ ನೋಡಿಕೊಳ್ಳುವ ಗ್ಯಾಂಗಮನ್ ಆಗಿದ್ದವರು. ಇಬ್ಬರೂ ಬಾಗಲಕೋಟೆ ಕಡೆಯಿಂದ ರೈಲ್ವೆ ಕರೆದುಕೊಂಡು ಬಂದ ಜನ. ವರ್ಗವಾಗುತ್ತ ಆಗುತ್ತ ನಾಗಪುರಕ್ಕೆ ಬಂದು ಇಲ್ಲೇ ಬೇರು ಬಿಟ್ಟವರು. ಒಂದು ಮಂಜಿನ ಮುಂಜಾನೆ ಗೂಡ್ಸ್ ಗಾಡಿ ದಡದಡನೆ ದಾಟಿ ಹೋಯಿತಂತೆ. ಕಾಕಾಗೆ ಕೊನೆಯ ಗುರುತು ಕಾಣಲಿಲ್ಲ. ಹಿಂದಿನ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹೊರಡಲು ತುದಿಗಾಲಲ್ಲಿತ್ತು, ಫೋನಿನಲ್ಲಿ ಸಾಹೇಬರ ಬೈಗುಳ. ಕಾಕಾ ಮಾತ್ರ “ನಾ ನೋಡಿಲ್ರೀ, ನೋಡಿಲ್ಲದ್ದು ಬಂದೈತಿ ಅಂತ ಹೆಂಗ ಹೇಳಲಿ?” ಎಂದು ಕೂತುಬಿಟ್ಟರು. ಅಪ್ಪ ಕಂದೀಲು ಹಿಡಿದು ಹಳಿಯ ಗುಂಟ ಓಡಿ ನೋಡಿದರೆ, ಮೈಲಿಯಾಚೆ ಎಂಟು ಡಬ್ಬಿ ಕೊಂಡಿ ಕಳಚಿಕೊಂಡು ಮಂಜಿನಲ್ಲಿ ನಿಂತಿದ್ದವು. ಈ ಕಥೆಯನ್ನು ಅಪ್ಪ ಹೇಳುತ್ತಿದ್ದರೇ ಹೊರತು ಕಾಕಾ ಒಮ್ಮೆಯೂ ಹೇಳಲಿಲ್ಲ.

ನನಗೆ ಅವರ ಈ ಗುಣದ ಬಿಸಿ ತಟ್ಟಿದ್ದು ಪದವಿಯ ವೇಳೆಗೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಗಲು ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚಿ, ಸಂಜೆ ಓದಿ, ಮೂರು ವರ್ಷದ್ದನ್ನು ಆರು ವರ್ಷಕ್ಕೆ ಮುಗಿಸಿದ ಬಿ.ಎ. ಅದು. ಕೊನೆಯ ವರ್ಷದ ಫಲಿತಾಂಶ ಬಂದ ದಿನ ಅವ್ವ ಗಲ್ಲಿಗೆಲ್ಲ ಪೇಢೆ ಹಂಚಿದಳು. ಕಾಕಾ ಪೇಢೆ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

“ಎಲ್ಲಾ ಡಬ್ಬಿ ಬಂದಾವೇನು ನೀಲವ್ವಾ?”

ನಾನು ನೆಲ ನೋಡಿದೆ. ಅರ್ಥಶಾಸ್ತ್ರದ ಒಂದು ಪೇಪರ್ ಉಳಿದಿತ್ತು. ಅದನ್ನು ಅವ್ವನಿಗೂ ಹೇಳಿರಲಿಲ್ಲ.

“ಹಂಗಾರ ಇದನ್ನ ಡಬ್ಬ್ಯಾಗ ಇಡ್ತೀನಿ. ಬಂದ ಮ್ಯಾಲೆ ತಿಂತೀನಿ” ಎಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಅವತ್ತು ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದೇ ಸಿಟ್ಟಿನಲ್ಲಿ ಓದಿ ಪೇಪರ್ ದಾಟಿದೆ. ಆ ದಿನ ಹೊಸ ಪೇಢೆ ಎರಡು ತಿಂದರು, ಮೂರನೆಯದಕ್ಕೆ ಕೈ ಹಾಕಿದಾಗ ಅವರ ಹೆಂಡತಿ ಕಾಕು ಕಸಿದುಕೊಂಡರು. ಅಲ್ಲಿಂದ ಮುಂದೆ ನಾನು ಅವರಿಗೆ ನೀಲವ್ವ ಅಲ್ಲ, “ಏ ಬಿ.ಎ.!”

ಅವರ ವಾಡೆಯ ಮಾಳಿಗೆಯ ಕೋಣೆಯಲ್ಲಿ ಹಾಮಿದ್ ಬಾಡಿಗೆಗಿದ್ದ. ಸುಡಾನಿನ ದಾರ್ಫುರ್ ಸೀಮೆಯ ಹುಡುಗ, ಫಾರ್ಮಸಿ ಓದಲು ಬಂದವನು. ಎರಡು ವರ್ಷದಲ್ಲಿ ಅವನ ಹಿಂದಿ ನಮ್ಮ ಅವ್ವನ ಹಿಂದಿಗಿಂತ ಚಲೋ ಆಗಿತ್ತು. ಅವನ ದೇಶದಲ್ಲಿ ಯುದ್ಧ ಶುರುವಾದ ಮೇಲೆ ಅವನು ಕೆಳಗಿಳಿಯುವುದು ಕಡಿಮೆಯಾಯಿತು. ಒಂದು ಭಾನುವಾರ ಕಾಕು ಅವನನ್ನು ಎಳೆದು ತಂದು ರೊಟ್ಟಿ, ಬದನೇಕಾಯಿ, ಶೇಂಗಾ ಚಟ್ನಿ ಬಡಿಸಿದರು. ನಾನೂ ಅಲ್ಲೇ ಕೂತಿದ್ದೆ. ಹಾಮಿದ್ ಚಟ್ನಿಯ ವಾಸನೆ ನೋಡಿ ತಟ್ಟೆ ಸರಿಸಿದ.

“ಅಮ್ಮೀ ಭೀ ಯಹೀ ಖಾ ರಹೀ ಹೈ ಕಾಕಾ. ಮೂಂಗಫಲೀ. ತೇಲ್ ನಿಕಾಲನೇ ಕೇ ಬಾದ್ ಜೋ ಬಚತಾ ಹೈ, ವೋ.”

“ಹಿಂಡಿ?” ಎಂದರು ಕಾಕಾ ಕನ್ನಡದಲ್ಲೇ. “ಎಣ್ಣಿ ತಗದ ಮ್ಯಾಲೆ ದನಕ್ಕ ಹಾಕೋ ಹಿಂಡಿ ತಿನ್ನಾಕತ್ತಾಳೇನು ಇವನ ಅವ್ವ?”

ಮೆಲ್ಲಮೆಲ್ಲಗೆ ಹಾಮಿದ್ ಹೇಳಿದ. ಅವನ ಊರನ್ನು ಬಂದೂಕಿನವರು ತಿಂಗಳುಗಟ್ಟಲೆ ಸುತ್ತುಗಟ್ಟಿದ್ದಾರೆ. ಒಳಗೆ ಕಾಳು ಹೋಗಲು ಬಿಡುವುದಿಲ್ಲ, ಹೊರಗೆ ಜನ ಬರಲು ಬಿಡುವುದಿಲ್ಲ. ಸಿಕ್ಕವರನ್ನು ಯಾವ ಕುಲ ಎಂದು ಕೇಳಿ ಕೊಲ್ಲುತ್ತಾರೆ. ತಾಯಿ, ತಂಗಿ, ಅಣ್ಣ ಇದ್ರಿಸ್ ಮೂವರೂ ಅಲ್ಲೇ ಇದ್ದಾರೆ. ಕಾಕಾ ತಟ್ಟೆಯಲ್ಲಿದ್ದ ಅರ್ಧ ರೊಟ್ಟಿಯನ್ನು ಬಿಟ್ಟು ಎದ್ದರು. ಅನ್ನ ಬಿಟ್ಟು ಏಳುವ ಮನುಷ್ಯ ಅವರಲ್ಲ.

ಮರುದಿನ ನಾನು ಊರ ಹೊರಗೆ ಕಂಪನಿಗಳಿರುವ ಮಿಹಾನಿನ ಆಫೀಸಿನಿಂದ ಬಂದು ಕಂಪನಿಯ ಗಾಡಿ ಇಳಿಯುವಾಗ ಗಲ್ಲಿಯ ಬಾಯಲ್ಲೇ ನಿಂತಿದ್ದರು. “ಏ ಬಿ.ಎ., ನಿನ್ನ ಕಂಪ್ಯೂಟರ್ ತಗೊಂಡು ಬಾ. ಅರ್ಜಿ ಬರೀಬೇಕು.”

“ಯಾರಿಗೆ ಕಾಕಾ?”

“ದಿಲ್ಲಿಗೆ. ನಮ್ಮ ಸರ್ಕಾರ ಬಾಯಿ ಬಿಟ್ಟು ಹೇಳ್ಬೇಕು, ನಿಲ್ಲಸ್ರಿ ಅಂತ.”

“ಅಲ್ಲ ಕಾಕಾ, ಎಲ್ಲಿಯ ಊರು ಅದು. ನಮಗೂ ಅದಕ್ಕೂ ಏನು ಸಂಬಂಧ?”

ಅವರು ಸಿಟ್ಟಾಗಲಿಲ್ಲ. “ಹಿಂದಿನ ಸ್ಟೇಶನ್ನಿನ ಮಾಸ್ತರನ ಮುಖ ನಾ ಎಂದೂ ನೋಡಿದ್ದಿಲ್ಲವಾ. ಫೋನಿನ್ಯಾಗಿನ ಒಂದು ದನಿ ಅಷ್ಟ. ಆದ್ರ ಅಂವ ಗಾಡಿ ಬಿಟ್ಟೀನಿ ಅಂದ್ರ ಇಲ್ಲಿ ನಾ ಎದ್ದು ನಿಂದ್ರಬೇಕು.”

ಹೀಗೆ ಶುರುವಾಯಿತು. ಪ್ರತಿ ಶನಿವಾರ ಸಂಜೆ ಐದರಿಂದ ಆರು, ನಮ್ಮ ಚೌಕಿನಲ್ಲಿ. ಕಾಕಾ ಠಾಣೆಗೆ ಅರ್ಜಿ ಕೊಟ್ಟು ಒಪ್ಪಿಗೆ ತಂದರು. ಹಲಗೆಯ ಮೇಲೆ ಸ್ಟೇಶನ್ ಹೆಸರು ಬರೆಯುವ ದಪ್ಪ ಅಕ್ಷರದಲ್ಲಿ, ಮರಾಠಿಯಲ್ಲಿ ತಾವೇ ಬರೆದರು: ದಾರ್ಫುರಿನಲ್ಲಿ ಜನರನ್ನು ಕುಲ ನೋಡಿ ಕೊಲ್ಲುತ್ತಿದ್ದಾರೆ, ನಮ್ಮ ಸರ್ಕಾರ ಮಾತಾಡಬೇಕು, ಒಂದು ಸಹಿ ಮಾಡಿ. ಮೊದಲ ಶನಿವಾರ ಕಾಕಾ, ಹಾಮಿದ್, ನಾನು ಮೂವರೇ. ಸ್ಕೂಟರ್ ನಿಲ್ಲಿಸಿದವನೊಬ್ಬ ಹಲಗೆ ಓದಿ, “ದಾರ್ಫುರ್? ಚಂದ್ರಪುರ ಕೇ ಪಾಸ್ ಹೈ ಕ್ಯಾ?” ಎಂದ, ನಮ್ಮ ಪಕ್ಕದ ಜಿಲ್ಲೆಯ ಊರಿನ ಹೆಸರು ಹಿಡಿದು.

“ಥೋಡಾ ಆಗೇ” ಎಂದರು ಕಾಕಾ, ಸ್ವಲ್ಪ ಆಚೆ ಎಂದು ಕೈ ತೋರಿಸಿ, ಪೆನ್ನು ಮುಂದೆ ಹಿಡಿಯುತ್ತ.

ಚೌಕಿನಲ್ಲಿ ಚಹಾದ ಬಂಡಿ ಇಟ್ಟಿದ್ದ ಬಂಡೂಭಾವೂನ ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಮಾಸ್ತರ್, ಮೇರೇ ಠೇಲೇ ಕೇ ಸಾಮ್ನೇ ಕಾ ಗಡ್ಢಾ ತೋ ಭರಾ ನಹೀಂ, ಆಪ್ ಆಫ್ರಿಕಾ ಕೀ ಲಡಾಯೀ ರೋಕೋಗೇ?” ಎಂದು ರಸ್ತೆಯ ತಗ್ಗು ತೋರಿಸಿ ಎಲ್ಲರೆದುರು ನಗುತ್ತಿದ್ದ. ಮುಂದಿನ ಶನಿವಾರ ಕಾಕಾ ಎರಡು ಅರ್ಜಿ ತಂದರು. ಒಂದು ಅವನ ಬಂಡಿಯ ಮುಂದಿನ ತಗ್ಗಿಗೆ, ಒಂದು ದಾರ್ಫುರಿಗೆ. “ದೋನೋಂ ಪೇ ಸಹೀ ಕರ್.” ಅವನು ನಾಚಿಕೊಂಡು ಎರಡಕ್ಕೂ ಸಹಿ ಮಾಡಿದ. ತಗ್ಗು ತಿಂಗಳೊಳಗೆ ತುಂಬಿತು. ಅಂದಿನಿಂದ ನಮಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳ ಜೊತೆ ಬಂಡೂಭಾವೂನೂ ಸಿಕ್ಕ. ತನ್ನ ತಗ್ಗಿನ ಉದಾಹರಣೆ ಕೊಟ್ಟು ಅವನು ಜನರನ್ನು ಕರೆತರುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದೊಂದು ಶನಿವಾರ ಮೂವತ್ತು ಮಂದಿ ನಿಲ್ಲುತ್ತಿದ್ದೆವು.

ದಿಲ್ಲಿಯ ಅರ್ಜಿಯ ಕಥೆ ಬೇರೆ. ಸರ್ಕಾರದ ದೂರು ಸ್ವೀಕರಿಸುವ ಜಾಲತಾಣದಲ್ಲಿ ನಾನೇ ಕೂತು ತುಂಬಿದ್ದೆ. ನನ್ನ ಹೆಸರಿನ ಮುಂದೆ ಬಿ.ಎ. ಹಾಕಲೇಬೇಕೆಂದು ಕಾಕಾ ಹಟ ಹಿಡಿದರು. “ಆರು ವರ್ಷ ಓದೀದಿ, ಇನ್ನೆಲ್ಲಿ ಇಡ್ತಿ ಅದನ್ನ?” ತಮ್ಮ ಹೆಸರಿನ ಮುಂದೆ ‘ನಿವೃತ್ತ ಸ್ಟೇಶನ್ ಮಾಸ್ತರ್’. ವಿಷಯ ಎಂಬ ಜಾಗದಲ್ಲಿ ನಾನು ‘ಅನ್ನ ನೀರಿಲ್ಲದೆ ಸಿಕ್ಕಿಹಾಕಿಕೊಂಡಿರುವ ಜನರ ಬಗ್ಗೆ’ ಎಂದು ಬರೆದೆ. ಮೂರು ವಾರಕ್ಕೆ ಉತ್ತರ ಬಂತು. ಅದು ಬಂದದ್ದು ರೈಲಿನ ಯಾವುದೋ ಕಚೇರಿಯಿಂದ. ‘ತಾವು ತಿಳಿಸಿದ ಪ್ಲಾಟ್‌ಫಾರ್ಮಿನ ಕುಡಿಯುವ ನೀರಿನ ನಲ್ಲಿಗಳನ್ನು ಪರಿಶೀಲಿಸಲಾಗಿದ್ದು, ಸುಸ್ಥಿತಿಯಲ್ಲಿವೆ. ದೂರನ್ನು ಮುಕ್ತಾಯಗೊಳಿಸಲಾಗಿದೆ.’

ನನಗೆ ಅಳು ಬಂತು. ಬಿ.ಎ. ಅಂತ ಬರೆದುಕೊಂಡು ದೇಶದ ಹೆಸರನ್ನೇ ಮೇಲೆ ಬರೆಯದೆ ಬಿಟ್ಟಿದ್ದೆನಲ್ಲ. ಕಾಕಾ ಕೆಮ್ಮು ಬರುವ ತನಕ ನಕ್ಕರು. ಹಾಮಿದ್‌ಗೆ ಹಿಂದಿಯಲ್ಲಿ ಹೇಳಿದಾಗ ಅವನೂ ನಕ್ಕ. ಅವನು ನಕ್ಕದ್ದನ್ನು ಎಷ್ಟೋ ತಿಂಗಳ ಮೇಲೆ ಕಂಡೆವು. ಆಮೇಲೆ ಕಾಕಾ ಕನ್ನಡಕ ಒರೆಸಿಕೊಂಡು, “ಬಿ.ಎ. ಆದವರದೂ ಗಾಡಿ ಒಮ್ಮೊಮ್ಮೆ ಹಳಿ ತಪ್ಪತೈತಿ. ಅದಕ್ಕೇನಾತು? ಆದ್ರ ಮುಕ್ತಾಯ ಅಂತ ಬರದಾರಲ್ಲ, ಕೊನೀ ಡಬ್ಬಿ ಯಾರು ನೋಡ್ಯಾರ? ಮತ್ತ ಬರಿ” ಎಂದರು. ಮತ್ತೆ ಬರೆದೆವು. ಒಟ್ಟು ಹದಿನೇಳು ಸಲ. ಹನ್ನೊಂದನೆಯದಕ್ಕೆ ಸರಿಯಾದ ಕಚೇರಿಯಿಂದ ‘ವಿಷಯ ಗಮನಿಸಲಾಗಿದೆ’ ಎಂಬ ಒಂದು ಸಾಲು ಬಂತು. ಆ ಸಾಲನ್ನು ಕಾಕಾ ಚೌಕಿನಲ್ಲಿ ನಿಂತು ಗಾಡಿಯ ಘೋಷಣೆಯಂತೆ ಮೂರು ಭಾಷೆಯಲ್ಲಿ ಓದಿದರು.

ಅಷ್ಟರಲ್ಲಿ ಅತ್ತ ಆ ಊರು ಬಂದೂಕಿನವರ ಕೈಗೆ ಬಿತ್ತು. ಹಾಮಿದ್‌ನ ಫೋನಿಗೆ ಮನೆಯವರ ದನಿ ಬರುವುದು ನಿಂತಿತು. ಅವನು ಕಾಲೇಜಿಗೆ ಹೋಗುವುದನ್ನು ಬಿಟ್ಟು ಫೋನ್ ಹಿಡಿದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಕಾಕಾ ಅವನ ಪಕ್ಕದಲ್ಲಿ ಪೇಪರ್ ಓದುತ್ತ ಕೂತಿರುತ್ತಿದ್ದರು. ಏನೂ ಆಗುವುದಿಲ್ಲ, ದೇವರಿದ್ದಾನೆ ಎಂದೆಲ್ಲ ಅವರು ಹೇಳಿದ್ದನ್ನು ನಾನು ಕೇಳಲಿಲ್ಲ. ನೋಡದ್ದನ್ನು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಹೊತ್ತಿಗೆ ಸರಿಯಾಗಿ, “ಚಲ್, ಖಾನಾ” ಎಂದು ಊಟಕ್ಕೆ ಎಬ್ಬಿಸುತ್ತಿದ್ದರು.

ನಲವತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಮಿದ್‌ನ ಕೂಗು ಇಡೀ ವಾಡೆಗೆ ಕೇಳಿತು. ತಾಯಿ, ತಂಗಿ ಇಬ್ಬರೂ ನಡೆದು ನಡೆದು ಗಡಿ ದಾಟಿ ಚಾಡ್ ದೇಶದ ನಿರಾಶ್ರಿತರ ಡೇರೆ ಸೇರಿದ್ದರು. ತಾಯಿಯ ದನಿಯನ್ನು ನಾವೆಲ್ಲ ಸುತ್ತ ನಿಂತು ಕೇಳಿದೆವು. ಭಾಷೆ ತಿಳಿಯದಿದ್ದರೂ ಕಾಕು ಅತ್ತರು. ಬಂಡೂಭಾವೂ ಓಡಿ ಹೋಗಿ ಪೇಢೆ ತಂದ. ನಾನು ಬಾಯಿಗೆ ಹಾಕಿಕೊಂಡೂ ಆಗಿತ್ತು. ಕಾಕಾ ಪೇಢೆ ಕೈಯಲ್ಲಿ ಹಿಡಿದು ಹಾಮಿದ್‌ನನ್ನು ಕೇಳಿದರು:

“ಔರ್ ಇದ್ರಿಸ್?”

ಹಾಮಿದ್ ಕತ್ತು ಅಲ್ಲಾಡಿಸಿದ. ನಡೆಯಲಾರದ ನೆರೆಮನೆಯ ಮುದುಕನೊಬ್ಬನನ್ನು ಹೊತ್ತು ತರುತ್ತೇನೆಂದು ಅಣ್ಣ ಹಿಂದೆ ಉಳಿದಿದ್ದನಂತೆ. ಆಮೇಲೆ ಸುದ್ದಿಯಿಲ್ಲ.

ಕಾಕಾ ಒಳಗೆ ಹೋಗಿ ಆ ಹಳೆಯ ಸ್ಟೀಲ್ ಡಬ್ಬಿಯಲ್ಲಿ ಪೇಢೆ ಇಟ್ಟು ಮುಚ್ಚಳ ಹಾಕಿದರು. ನನ್ನ ಬಾಯಿಯ ಸಿಹಿ ಹಾಗೇ ನಿಂತಿತು.

ಜನ ಮಾತ್ರ ಮುಗಿಯಿತು ಎಂದುಕೊಂಡರು. ನಮ್ಮ ಹುಡುಗನ ತಾಯಿ ಸಿಕ್ಕಳಲ್ಲ, ಇನ್ನೇನು? ಮುಂದಿನ ಶನಿವಾರ ಆರು ಮಂದಿ ಉಳಿದೆವು. ನಾನೂ ಬಾಯಿ ತಪ್ಪಿ, “ನಾವು ಬರೆದದ್ದಕ್ಕೆ ಅವರು ಬದುಕಿದರು ಅಂತ ಅಂದುಕೊಳ್ಳೋಣ ಕಾಕಾ, ಇನ್ನು ಸಾಕಲ್ಲ” ಎಂದೆ.

“ನಾವು ಬರದದ್ದಕ್ಕ ಅಲ್ಲವಾ. ಆಕಿ ನಡದಾಳ, ಅದಕ್ಕ ಬದುಕ್ಯಾಳ” ಎಂದರು. “ಅಲ್ಲಿ ಇದ್ರಿಸ್ ಒಬ್ಬನ ಅದಾನೇನು? ಎಷ್ಟು ಡಬ್ಬಿ ಕಳಚಿ ನಿಂತಾವೋ. ಲೈನ್ ಖಾಲಿ ಐತಿ ಅಂತ ನನ್ನ ಬಾಯಿಲೆ ಹೇಳಸಬ್ಯಾಡ.” ಹಾಗೆ ಹೇಳಿ, ದಾಟಿ ಹೋಗುತ್ತಿದ್ದ ಕಾಲೇಜು ಹುಡುಗಿಯರ ಮುಂದೆ ಖುಷಿಯಿಂದ ಪೆನ್ನು ಹಿಡಿದರು. ಖುಷಿಯಿಂದ ಎಂದದ್ದು ಸುಮ್ಮನೆ ಅಲ್ಲ. ಆ ಒಂದು ತಾಸು ಅವರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಡ್ಯೂಟಿಯ ಮೇಲಿದ್ದವರ ಹಾಗೆ, ಬಹಳ ಸಮಾಧಾನದಲ್ಲಿರುತ್ತಿದ್ದರು.

ನಾನು ಅವರನ್ನು ಕಡೆಯದಾಗಿ ನೋಡಿದ್ದೂ ಒಂದು ಶನಿವಾರವೇ, ಸಂಕ್ರಾಂತಿ ಕಳೆದ ಮೇಲೆ. ಉಸಿರು ಸಾಲದೆ ಕುರ್ಚಿಯಲ್ಲಿ ಕೂತಿದ್ದರು. ಆರು ಗಂಟೆಗೆ ಎಲ್ಲರೂ ಹೊರಟಾಗ ಎದ್ದು ನಿಂತು ಕೈ ಎತ್ತಿದರು. ಕೊನೆಗೆ ಹಲಗೆ ಹೊತ್ತು ಹೊರಟವಳು ನಾನು. ಗಲ್ಲಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗಲೂ ಆ ಕೈ ಎತ್ತಿಯೇ ಇತ್ತು. ಮಂಗಳವಾರ ಮುಂಜಾನೆ ಚಹಾ ಕೇಳಿ, ಅದು ಬರುವ ಮೊದಲೇ ಹೋಗಿಬಿಟ್ಟರು.

ಅವರನ್ನು ಒಯ್ಯುವಾಗ ಹೆಣ್ಣುಮಕ್ಕಳು ನಾವು ವಾಡೆಯ ಬಾಗಿಲಲ್ಲಿ ನಿಂತೆವು. ರೈಲ್ವೆಯವರು, ಗಲ್ಲಿಯವರು, ಚೌಕಿನಲ್ಲಿ ಸಹಿ ಮಾಡಿದ ಎಷ್ಟೋ ಜನ ಬಂದಿದ್ದರು. ಎಲ್ಲರ ಹಿಂದೆ ಹಾಮಿದ್ ಇದ್ದ. ನಾನು ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿದೆ. ಅವನು ತಿರುವಿನಲ್ಲಿ ನಿಂತು, ತಿರುಗಿ, ತಾನೂ ಎತ್ತಿದ.

ಹದಿಮೂರನೆಯ ದಿನ ಕಾಕು ಆ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ತೆಗೆದು ನೋಡಿದರೆ ಪೇಢೆ ಇರಲಿಲ್ಲ, ಕಲ್ಲುಸಕ್ಕರೆ ಇತ್ತು. “ಪೇಢೇ ಬೂಸ್ಟು ಹಿಡದಿತ್ತವಾ. ಕದ್ದು ಚೆಲ್ಲಿ ಇದನ್ನ ಹಾಕೀನಿ, ಅವರಿಗೆ ಹೇಳಿದ್ದಿಲ್ಲ. ಇದು ಕೆಡಂಗಿಲ್ಲ” ಎಂದರು.

ಈ ಶನಿವಾರ ನಾವು ಒಂಬತ್ತು ಮಂದಿ ಇದ್ದೆವು. ಹದಿನೆಂಟನೆಯ ಅರ್ಜಿಯ ವಿಷಯದಲ್ಲಿ ದೇಶದ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ನನ್ನ ಹೆಸರಿನ ಮುಂದೆ ಬಿ.ಎ. ಇದೆ. ಇದ್ರಿಸ್‌ನ ಸುದ್ದಿ ಇನ್ನೂ ಬಂದಿಲ್ಲ. ಡಬ್ಬಿ ನನ್ನ ಚೀಲದಲ್ಲಿದೆ. ಚೌಕಿಗೆ ಹೋಗುವಾಗ ಅದರೊಳಗಿನ ಕಲ್ಲುಸಕ್ಕರೆ ಹೆಜ್ಜೆಗೊಮ್ಮೆ ಸದ್ದು ಮಾಡುತ್ತದೆ.