ದುರುಗಪ್ಪ ಮಾವನ ದವಡೆ

ದುರುಗಪ್ಪ ಮಾವ, ನಿನ್ನ ದವಡೆ ಮುರಿದವನು ನಾನು. ಇದು ಹಂಪಸಾಗರದಲ್ಲಿ ಎಲ್ಲರಿಗೂ ಗೊತ್ತು. ಹೊಸ ದೋಣಿ ಕೆಡಿಸಿದ ಸಿಟ್ಟಿಗೆ ಹೊಡೆದ, ಹೊಡೆಯದೆ ಬಿಡುತ್ತಾರೆಯೇ ಎಂದು ಇವತ್ತಿಗೂ ನನ್ನ ಪರವಾಗಿ ಮಾತಾಡುವವರಿದ್ದಾರೆ. ಸುಳ್ಳು. ನನಗೆ ನಿನ್ನ ಮೇಲೆ ಸಿಟ್ಟೇ ಇರಲಿಲ್ಲ. ನಿನ್ನ ಬಾಯಿಂದ ಹೊರಡುತ್ತಿದ್ದ ಒಂದು ಮಾತು ಪೂರ್ತಿಯಾಗಬಾರದೆಂದು ಹೊಡೆದೆ — ಬಾಯಿಗೇ ಗುರಿಯಿಟ್ಟು, ತಿಳಿದೂ ತಿಳಿದೂ ಹೊಡೆದೆ.

ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಅಣ್ಣ ಹುಲುಗಪ್ಪ ಕರಾವಳಿ ಕಡೆಯಿಂದ ಹಲಗೆಯ ದೋಣಿ ಕೊಂಡು ಲಾರಿಯಲ್ಲಿ ತಂದ. ನಮ್ಮ ಮನೆತನದವರು ಅಲ್ಲಿಯವರೆಗೆ ಹರಿಗೋಲು ಬಿಟ್ಟು ಬೇರೆ ಮುಟ್ಟಿದವರಲ್ಲ. ‘ಹದಿನೈದು ದಿನದಾಗ ತಯಾರು ಮಾಡು’ ಎಂದು ಅಣ್ಣ ಅದನ್ನು ನನ್ನ ಕೈಗೆ ಒಪ್ಪಿಸಿದ. ಹುಟ್ಟಿದಾಗಿನಿಂದ ಅವನು ನನ್ನ ಕೈಗೆ ಒಪ್ಪಿಸಿದ ಮೊದಲ ಕೆಲಸ ಅದು. ನಾನು ಏನು ಮಾಡಿದೆ? ಹರಿಗೋಲಿಗೆ ಮಾಡುವುದನ್ನೇ ಮಾಡಿದೆ. ದಂಡೆಯ ಮೇಲೆ ಬೋರಲು ಹಾಕಿ, ಹತ್ತು ದಿನ ಬಿಸಿಲಿಗೆ ಒಣಗಿಸಿ, ಡಾಂಬರು ಕಾಯಿಸಿ ಬಳಿದೆ. ಬಿಸಿಲಿಗೆ ಹಲಗೆ ಹಲಗೆಯೂ ಮುದುಡಿಕೊಂಡು ಸಂದಿ ಬಿಡುತ್ತಿತ್ತು. ನಾನು ಅದರ ಮೇಲೆ ಹಸಿರು ಬಣ್ಣ ಹೊಡೆದು, ದೂರ ನಿಂತು ನೋಡಿ ಖುಷಿಪಡುತ್ತಿದ್ದೆ.

ನೀನು ಎಮ್ಮೆಗೆ ಹುಲ್ಲು ಕೊಯ್ದುಕೊಂಡು ಆ ದಾರಿಯಲ್ಲಿ ಬಂದೆ. ಹರೆಯದಲ್ಲಿ ಬೇರೆ ಊರಿನ ಹೊಳೆಯಲ್ಲಿ ಹಲಗೆ ದೋಣಿ ನಡೆಸಿದವನು ಈ ಊರಿಗೆಲ್ಲ ನೀನೊಬ್ಬನೇ. ಹುಲ್ಲಿನ ಹೊರೆ ಇಳಿಸಿ, ಕುಡಗೋಲಿನ ತುದಿಯನ್ನು ಸಂದಿಯಲ್ಲಿ ಆಡಿಸಿ ತೋರಿಸಿದೆ.

“ನೋಡಪಾ, ಹೆಂಗ ಬಾಯಿ ಬಿಟ್ಟೈತಿ. ಇದು ಹರಗೋಲಲ್ಲ, ಕಟ್ಟಿಗಿ. ನಾಕು ದಿನ ನೀರಾಗ ಮುಳುಗಿಸಿ ಇಡ್ರಿ. ಉಬ್ಬಿ ತಾನ ಬಾಯಿ ಮುಚ್ಚತೈತಿ.”

ದೋಣಿ ನೀರಿಗಿಳಿಸುವ ಗಂಗಿಪೂಜೆ ಇನ್ನೆರಡು ದಿನಕ್ಕೆ ಗೊತ್ತಾಗಿತ್ತು. ಇನ್ನೂ ನಾಲ್ಕು ದಿನ ಬೇಕೆಂದು ಅಣ್ಣನ ಮುಂದೆ ಯಾವ ಬಾಯಿಂದ ಹೇಳುವುದು? “ನಮ್ಮ ದೋಣಿ ಕಂಡು ಹೊಟ್ಟಿ ಉರಿ ಬಿತ್ತೇನು ಮಾವ?” ಎಂದು ನಕ್ಕುಬಿಟ್ಟೆ. ನೀನೂ ನಕ್ಕು ಹೊರೆ ಎತ್ತಿಕೊಂಡೆ. ನೀನು ಮರೆಯಾದ ಮೇಲೆ ಆ ಸಂದಿಗಳಿಗೆ ಇನ್ನೊಂದು ಕೈ ಡಾಂಬರು ಬಳಿದೆ.

ಪೂಜೆಯ ದಿನ ಹಿನ್ನೀರು ಹೊಲದ ಬದುವಿನ ತನಕ ಬಂದಿತ್ತು. ಆಚೆ ದಂಡೆಯಲ್ಲಿ ಎಂಟು ದಿನ ಬಿಡಾರ ಹಾಕಿ ಮೀನು ಹಿಡಿದು ಬರುವುದು ಅಣ್ಣನ ಯೋಚನೆ. ಅತ್ತಿಗೆ ಬಡಿದ ಎರಡು ಬುಟ್ಟಿ ಖಡಕ್ ರೊಟ್ಟಿ, ಶೇಂಗಾಪುಡಿ, ಸೀಮೆಎಣ್ಣೆ, ಉಪ್ಪಿನ ಮೂಟೆ, ಹೊಟ್ಟಿನಲ್ಲಿ ಹುಗಿದ ಐಸ್‌ಗಡ್ಡೆ, ಹೊಸ ಬಲೆ — ಒಂದೊಂದನ್ನೂ ನಾನೇ ಇಳಿಸಿಕೊಂಡು ಜೋಡಿಸಿದೆ. ಜೋಡಿಸುವಾಗಲೇ ತಳದಲ್ಲಿ ತೇವ ಕಂಡಿತು. ಕಂಡಿತು, ಮಾವ. ಉಪ್ಪಿನ ಮೂಟೆಯನ್ನು ಎಳೆದು ಅದರ ಮೇಲಿಟ್ಟೆ.

ಕಾಯಿ ಒಡೆದು ಹೊರಟೆವು. ಆಳ ಸಿಕ್ಕಿತೋ ಇಲ್ಲವೋ, ತಳದಿಂದ ನೀರು ಬುಗ್ಗೆಯೆದ್ದು ಬಂತು. ರೊಟ್ಟಿಗಳು ತೇಲಿದವು. ದಂಡೆಯ ಮೇಲಿದ್ದವರು ಮೊದಲು ನಕ್ಕರು. ಬಲೆ ಅಣ್ಣನ ಕಾಲಿಗೆ ಸುತ್ತಿ ಅವನನ್ನು ಎರಡು ಸಲ ಒಳಗೆಳೆದುಕೊಂಡಾಗ ಹೆಂಗಸರು ಚೀರಿದರು. ನಾನು ಕೂದಲು ಹಿಡಿದು ಎಳೆದು ತಂದೆ. ದಂಡೆಗೆ ಬಿದ್ದವನು ನೀರು ಕಾರಿದ, ರಕ್ತವನ್ನೂ ಕಾರಿದ. ಎದ್ದು ನಿಂತಾಗ ಅವನ ಕಣ್ಣು ನೋಡಲು ನನಗೆ ಧೈರ್ಯ ಬರಲಿಲ್ಲ.

“ಯಾವನಲೇ ದೋಣಿಗೆ ಕೈ ಹಾಕಿದಾಂವ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದಕ್ಕಿಂತ ಜಾಣ. ನನ್ನ ಹೆಗಲಿನದನ್ನು ನಿನ್ನ ಹೆಗಲಿಗಿಟ್ಟೆ.

“ದುರುಗಪ್ಪ ಮಾವ ಬಂದಿದ್ದ. ಸಂದ್ಯಾಗ ಕುಡಗೋಲು ಆಡಸಾಕತ್ತಿದ್ದ.”

ಒಂದಕ್ಷರ ಸುಳ್ಳಿಲ್ಲ ಅದರಲ್ಲಿ. ಅದಕ್ಕೇ ಎಲ್ಲರೂ ನಂಬಿದರು.

ನೀನು ಆಗ ಎಲ್ಲಿದ್ದೆ? ಮಂಡಿಮಟ್ಟದ ನೀರಿನಲ್ಲಿ, ನಮ್ಮ ದೋಣಿಯ ಹಗ್ಗವನ್ನು ಎರಡೂ ಕೈಗೆ ಸುತ್ತಿಕೊಂಡು, ಮುಳುಗುವುದನ್ನು ದಂಡೆಗೆ ಎಳೆಯುತ್ತಿದ್ದೆ. ದಂಡೆಯಿಂದ ಎಲ್ಲರಿಗಿಂತ ಮೊದಲು ನೀರಿಗೆ ಹಾರಿದವನು ನೀನು. ಅಣ್ಣ ಹೋಗಿ ಬೆನ್ನಿಗೆ ಒದ್ದ. ನೀನು ಮುಗ್ಗರಿಸಿ ಎದ್ದೆ, ಹಗ್ಗ ಬಿಡಲಿಲ್ಲ. ತಿರುಗಿ ನನ್ನನ್ನು ನೋಡಿದೆ. “ಹುಲುಗಪ್ಪ, ತಡಿಯೋ! ನಾ ಅವತ್ತ ಇವಗ ಹೇಳೀನಿ, ನಾಕು ದಿನ ನೀರಾಗ —”

ಅಣ್ಣನ ಹಿಂದೆಯೇ ಬಂದ ನನ್ನ ಕೈಯಲ್ಲಿ, ತೇಲಿ ದಂಡೆಗೆ ಬಂದಿದ್ದ ದೋಣಿಯ ಹೊಸ ಹುಟ್ಟು ಇತ್ತು. ಎರಡೂ ಕೈಯಿಂದ ಬೀಸಿದೆ. ಎಲುಬು ಮುರಿದ ಸದ್ದು ಕಿವಿಗೆ ಕೇಳುವ ಮೊದಲು ಅಂಗೈಗೆ ಬಂತು. ನಿನ್ನ ಹಲ್ಲುಗಳು ನೀರಿಗೆ ಬಿದ್ದವು. ಸಾಲದೆಂದು ಮತ್ತೊಮ್ಮೆ ಬೀಸಿದೆ — ನೀನು ಇನ್ನೂ ತುಟಿ ಆಡಿಸುತ್ತಿದ್ದೆ, ಅದಕ್ಕೆ. ಆಮೇಲೆ ಓಣಿಯ ನಾಲ್ಕೈದು ಜನ ನಿನ್ನನ್ನು ಕೆಸರಿಗೆ ಎಳೆದು ಹಾಕಿ ತುಳಿದರು. ಪಕ್ಕೆಗೆ, ಹೊಟ್ಟೆಗೆ, ಎಲ್ಲೆಂದರಲ್ಲಿ. ಅತ್ತೆ ಓಡಿ ಬಂದು ನಿನ್ನ ಮೇಲೆ ಬಿದ್ದುಕೊಂಡಳು, ಅವಳಿಗೂ ಬಿದ್ದವು. ನಾನು ಯಾರನ್ನೂ ತಡೆಯಲಿಲ್ಲ.

ನಿನ್ನನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ದೋಣಿ ಕೆಟ್ಟಿದ್ದಕ್ಕೆ ಪೆಟ್ಟು ಬಿತ್ತು, ಸಮ ಸಮ ಆಯಿತು, ಕೇಸು ಬೇಡ ಎಂದು ಹಿರಿಯರು ಮುಗಿಸಿದರು. ದೋಣಿ ನಾಲ್ಕೈದು ದಿನ ನೀರಲ್ಲೇ ಬಿದ್ದಿತ್ತು. ಎತ್ತಿ ನೀರು ತೋಡಿ ತೇಲಿಬಿಟ್ಟರೆ ಒಂದು ಹನಿ ಒಳಗೆ ಬರಲಿಲ್ಲ. ಅಣ್ಣ ಅಲ್ಲೇ ಮಂಡಿಯೂರಿ ಕೈಮುಗಿದ. “ನೋಡಿದಿರೇನು, ತಪ್ಪು ಮಾಡಿದಾಂವಗ ಪೆಟ್ಟು ಬಿತ್ತು, ಗಂಗಮ್ಮ ಕಣ್ಣು ತೆರದಳು” ಎಂದ. ಜನ ಹೌದೆಂದಿತು. ನಾನೂ ಕೈಮುಗಿದೆ. ಥೂ.

ಆ ದೋಣಿಯಿಂದ ನಾವು ಉಂಡೆವು, ಮನೆ ಕಟ್ಟಿದೆವು. ನಿನ್ನ ದವಡೆ ಸೊಟ್ಟಗೆ ಕೂಡಿತು, ನಾಲಿಗೆ ತಿರುಗದಾಯಿತು, ನಿನ್ನ ಮಾತು ಅತ್ತೆಗೊಬ್ಬಳಿಗೇ ತಿಳಿಯುವಂತಾಯಿತು. ಗಂಡನ ಪರವಾಗಿ ಅವಳು ಹೇಳಿದರೆ ನಂಬುವವರು ಯಾರು? ನೀನು ನಿಜ ಹೇಳಲು ಎಷ್ಟು ಜನರ ಮುಂದೆ ಒದ್ದಾಡಿದೆಯೋ — ಅವರೆಲ್ಲ ತಲೆಯಾಡಿಸಿ ಎದ್ದು ಹೋದರೋ — ನಾನು ಕೇಳಿ ತಿಳಿಯಲಿಲ್ಲ. ನಿನ್ನ ಓಣಿಗೆ ಹೋಗುವುದನ್ನೇ ಬಿಟ್ಟೆ.

ಹತ್ತು ವರ್ಷದ ಮೇಲೆ, ಹೋದ ವಾರ, ಮಗಳ ಮದುವೆಯ ಕಾರ್ಡಿನ ನೆಪ ಮಾಡಿಕೊಂಡು ಬಂದೆ. ಉಗುಳುತ್ತೀಯ ಎಂದುಕೊಂಡಿದ್ದೆ, ಉಗುಳಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನೀನು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಏನೋ ಕೇಳಿದೆ. ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ, ಬಾಯಿಯ ಕೊನೆಯಿಂದ ಜೊಲ್ಲು ಇಳಿಯಿತು. ಅತ್ತೆ ಸೆರಗಿನಿಂದ ಅದನ್ನು ಒರೆಸಿ, ನನ್ನ ಮುಖ ನೋಡದೆ ಹೇಳಿದಳು:

“ದೋಣಿ ಈಗ ಸೋರತೈತೇನು ಅಂತ ಕೇಳಾಕತ್ತಾರ.”

ಇಲ್ಲ ಎಂದು ತಲೆಯಾಡಿಸಿದೆ. ಬಾಯಿ ಬರಲಿಲ್ಲ. ಬಾಯಿ ನೆಟ್ಟಗಿದ್ದವನು ನಾನು, ಮಾವ, ನಿಜ ಹೇಳಲು ಬಾಯಿ ಬರಲಿಲ್ಲ.

ಅದಕ್ಕೇ ಬರೆದೆ. ನಾಳೆ ಬೆಳಿಗ್ಗೆ ಅಣ್ಣನನ್ನು ನಿನ್ನ ಅಂಗಳಕ್ಕೆ ಕರೆತಂದು, ಓಣಿಯವರ ಮುಂದೆಯೇ ಇದನ್ನು ಓದುತ್ತೇನೆ. ಅಣ್ಣ ಸುಮ್ಮನೆ ಕೇಳುವವನಲ್ಲ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಾನೆ. ನೀನು ಒಳ್ಳೆಯವನು — ಬಿಡಿಸಲು ಎದ್ದು ಬರುತ್ತೀಯ. ಬರಬೇಡ.